ಯಕೃತ್ತಿನ ಗಾಯ: ಕೈ ಪಳಗಿಸಲು ಜೀವಂತ ಪ್ರಾಣಿ ಬೇಕಿಲ್ಲ

ಮಾನ್ಯ ಸಂಪಾದಕರೇ,

ಶಸ್ತ್ರಚಿಕಿತ್ಸೆಯ ಸಂಶೋಧನೆಗೂ ತರಬೇತಿಗೂ ಪ್ರಾಣಿಗಳನ್ನು ಬಳಸುವುದರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಇಬ್ಬರು ಓದುಗರ ಪತ್ರಗಳನ್ನು ಗಮನವಿಟ್ಟು ಓದಿದೆ. ಒಬ್ಬರು ಅದನ್ನು ಪೂರ್ತಿ ನಿಷೇಧಿಸಬೇಕು ಎಂದಿದ್ದಾರೆ. ಪ್ರಾಣಿಗಳಿಲ್ಲದೆ ವೈದ್ಯರು ಕೈ ಪಳಗಿಸಿಕೊಳ್ಳುವುದು ಹೇಗೆ ಎಂದು ಇನ್ನೊಬ್ಬರು ಕೇಳಿದ್ದಾರೆ. ಸಂಶೋಧನೆಯೂ ತರಬೇತಿಯೂ ಒಂದೇ ಎಂದು ಇಬ್ಬರೂ ಭಾವಿಸಿರುವಂತೆ ಕಾಣುತ್ತದೆ. ಹಾಸನ ಜಿಲ್ಲೆಯಲ್ಲಿ ಬಹುಕಾಲ ಶಸ್ತ್ರಚಿಕಿತ್ಸಕನಾಗಿ ಕೆಲಸ ಮಾಡಿ ನಿವೃತ್ತನಾದ ನಾನು, ಯಕೃತ್ತಿನ ಗಾಯವೊಂದನ್ನೇ ಮುಂದಿಟ್ಟುಕೊಂಡು ಇವೆರಡನ್ನೂ ಬಿಡಿಸಿ ಹೇಳಲು ಬಯಸುತ್ತೇನೆ.

ಯಕೃತ್ತು, ಅಂದರೆ ಲಿವರ್, ಬಲಗಡೆಯ ಪಕ್ಕೆಲುಬುಗಳ ಕೆಳಗಿರುವ, ಸುಮಾರು ಒಂದೂವರೆ ಕಿಲೋ ತೂಗುವ ಮೆತ್ತನೆಯ ಅಂಗ. ನಿಮಿಷಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರ್ ರಕ್ತ ಅದರ ಮೂಲಕ ಹರಿಯುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಕರುಳಿನಿಂದ ಬರುವ ಪೋರ್ಟಲ್ ರಕ್ತನಾಳದ್ದು. ಶಿರಾಡಿ ಘಾಟಿಯ ಹೆದ್ದಾರಿಯಲ್ಲಿ ಲಾರಿಗೆ ಬೈಕ್ ಗುದ್ದಿದಾಗ, ಗದ್ದೆಯ ಬದುವಿನಲ್ಲಿ ಟ್ರ್ಯಾಕ್ಟರ್ ಮಗುಚಿದಾಗ, ಆಲೂರು ಸಕಲೇಶಪುರದ ತೋಟಗಳಲ್ಲಿ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸು ಕೊಯ್ಯುವವರು ಏಣಿಯಿಂದ ಬಿದ್ದಾಗ, ಕಾಡಾನೆ ತುಳಿದಾಗ ಒಡೆಯುವ ಅಂಗಗಳಲ್ಲಿ ಇದು ಮುಖ್ಯವಾದದ್ದು. ಇಂಥ ಗಾಯಾಳುಗಳಲ್ಲಿ ಹೆಚ್ಚಿನವರಿಗೆ ಇಂದು ಶಸ್ತ್ರಚಿಕಿತ್ಸೆಯೇ ಬೇಕಾಗುವುದಿಲ್ಲ. ರಕ್ತದೊತ್ತಡ ಸ್ಥಿರವಾಗಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿ, ಹಾಸಿಗೆಯಲ್ಲಿಟ್ಟು ಕಾಯುತ್ತಾರೆ. ಒತ್ತಡ ಕುಸಿಯುತ್ತಲೇ ಹೋಗುವ ಉಳಿದ ಕೆಲವರಿಗೆ ಮಾತ್ರ ಮುಂದಿನ ಕೆಲವೇ ನಿಮಿಷಗಳಲ್ಲಿ ಹೊಟ್ಟೆ ತೆರೆಯುವವರು ಯಾರು, ಅವರ ಕೈಗೆ ಆ ಕೆಲಸ ಗೊತ್ತೇ ಎಂಬುದರ ಮೇಲೆ ಬದುಕು ನಿಂತಿರುತ್ತದೆ.

ನನ್ನ ಕೈಗೆ ಗೊತ್ತಿರಲಿಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ, ಮೆಣಸಿನ ಕೊಯ್ಲಿನ ಕಾಲದಲ್ಲಿ, ಏಣಿಯಿಂದ ಬಿದ್ದ ಯುವಕನೊಬ್ಬನನ್ನು ರಾತ್ರಿ ಜೀಪಿನಲ್ಲಿ ಕರೆತಂದರು. ಹೊಟ್ಟೆ ತೆರೆದಾಗ ಯಕೃತ್ತಿನ ಬಲಭಾಗ ಸೀಳಿಹೋಗಿತ್ತು. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ಗಾಬರಿಯಲ್ಲಿ ಬಟ್ಟೆಯ ಮಾಪ್‌ಗಳನ್ನು ಯಕೃತ್ತಿನ ಮೇಲೆ ಕೆಳಗೆ ಇಟ್ಟು ಸೀಳಿನ ಅಂಚುಗಳನ್ನು ಒಂದಕ್ಕೊಂದು ಒತ್ತಿಹಿಡಿಯುವ ಬದಲು ಸೀಳಿನ ಒಳಕ್ಕೇ ತುರುಕಿದೆ. ಹಾಗೆ ಮಾಡಿದರೆ ಸೀಳು ಇನ್ನಷ್ಟು ಅಗಲವಾಗುತ್ತದೆ. ಆತ ಬೆಳಗಾಗುವ ಮುನ್ನ ತೀರಿಕೊಂಡ. ಆತನ ಗಾಯ ನುರಿತವರ ಕೈಯಲ್ಲೂ ಮಾರಕವೇ ಆಗುತ್ತಿತ್ತೇನೋ. ಆದರೆ ಆ ಕೆಲಸವನ್ನು ನಾನು ಮೊದಲ ಬಾರಿಗೆ ಮಾಡಿದ್ದು ಆತನ ದೇಹದ ಮೇಲೆ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಪ್ರಾಣಿಗಳ ಮೇಲಿನ ಸಂಶೋಧನೆಯಿಂದ ಈ ವಿಷಯದಲ್ಲಿ ನಿಜವಾದ ಲಾಭವಾಗಿದೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಯಕೃತ್ತಿಗೆ ರಕ್ತ ತರುವ ನಾಳಗಳ ಕಟ್ಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ರಕ್ತಸ್ರಾವವನ್ನು ತಡೆಯುವ ಉಪಾಯವನ್ನು 1908ರಲ್ಲಿ ಪ್ರಕಟಿಸಿದ ಗ್ಲಾಸ್ಗೋದ ಶಸ್ತ್ರಚಿಕಿತ್ಸಕ ಜೇಮ್ಸ್ ಹೊಗಾರ್ತ್ ಪ್ರಿಂಗಲ್ ಅದನ್ನು ಮೊಲಗಳ ಮೇಲೂ ಪರೀಕ್ಷಿಸಿದ್ದರು. ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಪಟ್ಟಿಗಳು ತೀವ್ರ ಗಾಯದಲ್ಲಿ ಕೆಲಸ ಮಾಡುತ್ತವೆಯೇ ಎಂಬುದನ್ನು ಅರಿವಳಿಕೆಯಲ್ಲಿರುವ ಹಂದಿಗಳ ಮೇಲೆ ನೋಡಲಾಯಿತು. ರಕ್ತ ಹೋದಂತೆ ದೇಹ ತಣ್ಣಗಾಗುವುದು, ರಕ್ತದಲ್ಲಿ ಆಮ್ಲ ಹೆಚ್ಚುವುದು, ಹೆಪ್ಪುಗಟ್ಟುವ ಶಕ್ತಿಯೇ ಕುಂದುವುದು, ಈ ಮೂರೂ ಒಂದನ್ನೊಂದು ಬೆಳೆಸುತ್ತಾ ರೋಗಿಯನ್ನು ಕೊಲ್ಲುವ ಬಗೆಯನ್ನು ಪ್ಲಾಸ್ಟಿಕ್ ಗೊಂಬೆಯಲ್ಲಿ ಅಧ್ಯಯನ ಮಾಡಲಾಗದು. ಹಾಗೆಂದು ಹಂದಿ ಮನುಷ್ಯನಲ್ಲ. ಅದರ ಯಕೃತ್ತಿನ ಹಾಲೆಗಳು ಆಳವಾಗಿ ಸೀಳಿಕೊಂಡಿರುತ್ತವೆ, ಒಳಗಿನ ನಾರಿನ ಗೋಡೆಗಳು ದಪ್ಪವಾಗಿರುವುದರಿಂದ ಹೊಲಿಗೆ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ, ರಕ್ತವೂ ನಮ್ಮದಕ್ಕಿಂತ ಬೇಗ ಹೆಪ್ಪುಗಟ್ಟುತ್ತದೆ. ಅದರ ಗುಲ್ಮ, ಅಂದರೆ ಸ್ಪ್ಲೀನ್, ಕುಗ್ಗಿ ತನ್ನಲ್ಲಿದ್ದ ರಕ್ತವನ್ನು ಮೈಗೆ ಹರಿಸುವುದರಿಂದ ರಕ್ತನಷ್ಟದ ಲೆಕ್ಕ ತಪ್ಪಬಾರದೆಂದು ಹಲವು ಪ್ರಯೋಗಗಳಲ್ಲಿ ಅದನ್ನು ಮೊದಲೇ ತೆಗೆದುಬಿಡುತ್ತಾರೆ. ಹಂದಿಯಲ್ಲಿ ಗೆದ್ದ ಚಿಕಿತ್ಸೆಯು ಮನುಷ್ಯನಲ್ಲೂ ಗೆಲ್ಲುತ್ತದೆ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು.

ತರಬೇತಿಯ ಪ್ರಶ್ನೆಯೇ ಬೇರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯು ಜೀವ ಉಳಿಸುವ ಜ್ಞಾನಕ್ಕಾಗಿ ನಡೆಯುವ ಪ್ರಯೋಗಗಳಿಗೆ 14ನೇ ವಿಧಿಯಲ್ಲಿ ಅವಕಾಶ ಕೊಟ್ಟಿದೆ. ಆದರೆ ಬರೀ ಕೈಚಳಕ ಗಳಿಸುವುದಕ್ಕಾಗಿ ಪ್ರಯೋಗಗಳು ಸಾಧ್ಯವಾದಷ್ಟೂ ನಡೆಯಬಾರದು, ವೈದ್ಯಕೀಯ ಶಾಲೆಗಳಲ್ಲಿ ಪುಸ್ತಕ, ಮಾದರಿ, ಚಲನಚಿತ್ರಗಳೇ ಸಾಕಾಗುವಲ್ಲಿ ಪ್ರಾಣಿಗಳನ್ನು ಬಳಸಬಾರದು ಎಂಬ ಆಶಯವನ್ನು ಅದೇ ಕಾಯ್ದೆಯ 17ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಬ್ರಿಟನ್ನಿನಲ್ಲಂತೂ ಕೈಚಳಕಕ್ಕಾಗಿ ಜೀವಂತ ಪ್ರಾಣಿಗಳನ್ನು ಬಳಸುವುದನ್ನು 1876ರಲ್ಲಿಯೇ ಕಾನೂನು ತಡೆದಿತ್ತು. ಪ್ರಿಂಗಲ್ ಅವರು ಕೆಲಸ ಮಾಡಿದ್ದೂ ಆ ಕಾನೂನಿನ ಕಾಲದಲ್ಲಿಯೇ.

ಜೀವಂತ ಪ್ರಾಣಿ ಬೇಡವೆಂದರೆ ಏನು ಮಾಡಬೇಕು? ಉತ್ತರ ನಮ್ಮ ಊರಲ್ಲೇ ಇದೆ. ಮಲೆನಾಡಿನಲ್ಲಿ ಹಂದಿ ಮಾಂಸ ಮಾರುವ ಅಂಗಡಿಗಳಿಗೆ ಕೊರತೆಯಿಲ್ಲ. ಊಟಕ್ಕಾಗಿ ಹೇಗೂ ಕಡಿದ ಹಂದಿಯ ಯಕೃತ್ತನ್ನು ಕೊಂಡು, ರಕ್ತನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಉಪ್ಪುನೀರಿನಿಂದ ತೊಳೆದು, ಪೋರ್ಟಲ್ ನಾಳಕ್ಕೆ ಕೊಳವೆ ಕಟ್ಟಿ, ಸಣ್ಣ ಪಂಪಿನಿಂದ ಕೆಂಪು ಬಣ್ಣದ ನೀರು ಹರಿಸಿದರೆ, ಒಡೆದ ಯಕೃತ್ತು ಹೇಗೆ ಸುರಿಯುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ, ಕೈಗೆ ತಿಳಿಯುತ್ತದೆ. ಅದನ್ನು ಪಕ್ಕೆಲುಬಿನ ಆಕಾರದ ಪೆಟ್ಟಿಗೆಯೊಳಗಿಟ್ಟು, ಕೆಳಗೆ ಸೋರಿದ ನೀರನ್ನು ಅಳೆದರೆ ಕಲಿಯುವವರು ಎಷ್ಟು ಬೇಗ, ಎಷ್ಟು ಚೆನ್ನಾಗಿ ತಡೆದರು ಎಂಬುದಕ್ಕೂ ಲೆಕ್ಕ ಸಿಗುತ್ತದೆ. ನಾಳಗಳ ಕಟ್ಟನ್ನು ಬೆರಳಲ್ಲಿ ಹಿಡಿದ ಮೇಲೂ ರಕ್ತ ನಿಲ್ಲದಿದ್ದರೆ ಯಕೃತ್ತಿನ ಹಿಂದಿನ ದೊಡ್ಡ ಸಿರೆಗಳು ಹರಿದಿರಬಹುದು ಎಂದು ಗುರುತಿಸುವ ಪಾಠವನ್ನೂ, ಆ ಸಿರೆಗಳಿಗೂ ಇನ್ನೊಂದು ಕೊಳವೆಯಿಂದ ನೀರು ಹರಿಸಿದರೆ, ಇಲ್ಲಿ ಕಲಿಸಬಹುದು. ಇಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ, ಅರಿವಳಿಕೆ ತಜ್ಞರೊಡನೆ ಮಾತಾಡಿಕೊಂಡು ಕೆಲಸ ಮಾಡುವ ಅಭ್ಯಾಸವೂ ಆಗುವುದಿಲ್ಲ, ನಿಜ. ಆದರೆ ನಾನು ಅಂದು ಮಾಡಿದ ತಪ್ಪನ್ನು ಇದರ ಮೇಲೆ ಹತ್ತು ಬಾರಿ ಮಾಡಿ, ಹತ್ತು ಬಾರಿ ತಿದ್ದಿಕೊಳ್ಳಬಹುದು.

ಹಾಸನದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಪಶುವೈದ್ಯಕೀಯ ಕಾಲೇಜೂ ಒಂದೇ ಊರಿನಲ್ಲಿವೆ. ಪ್ರಾಣಿಯ ಅಂಗರಚನೆ ಬಲ್ಲವರೂ ಮನುಷ್ಯರ ಶಸ್ತ್ರಚಿಕಿತ್ಸೆ ಬಲ್ಲವರೂ ಇಷ್ಟು ಹತ್ತಿರದಲ್ಲಿರುವುದು ದೊಡ್ಡ ಅನುಕೂಲ. ಇಬ್ಬರೂ ಕೂಡಿ ತಿಂಗಳಿಗೊಂದು ಶನಿವಾರ ಇಂಥ ಅಭ್ಯಾಸ ನಡೆಸಿ, ತಾಲ್ಲೂಕು ಆಸ್ಪತ್ರೆಗಳ ಶಸ್ತ್ರಚಿಕಿತ್ಸಕರನ್ನೂ ಶುಶ್ರೂಷಕರನ್ನೂ ಕರೆಯಬೇಕು. ನೆರೆಯ ಚಿಕ್ಕಮಗಳೂರಿನವರೂ ಬರಲಿ. ಜೀವಂತ ಪ್ರಾಣಿಯಿಂದಲ್ಲದೆ ಉತ್ತರ ಸಿಗದ ಸಂಶೋಧನೆಯ ಪ್ರಶ್ನೆ ಯಾರಿಗಾದರೂ ಹೊಳೆದರೆ, ಅದು ನೈತಿಕ ಸಮಿತಿಯ ಮುಂದೆ ಹೋಗಿ, ಅನುಮತಿ ಪಡೆದು, ಆರಂಭದಿಂದ ಕೊನೆಯವರೆಗೆ ಪೂರ್ಣ ಅರಿವಳಿಕೆಯಲ್ಲಿ, ಅಗತ್ಯವಿರುವಷ್ಟೇ ಪ್ರಾಣಿಗಳಲ್ಲಿ ನಡೆಯಲಿ.

ಒಂದು ಸಣ್ಣ ಆದರೆ ಮುಖ್ಯವಾದ ಸಂಗತಿ: ಮಾಂಸದ ಅಂಗಡಿಯವರು ಯಕೃತ್ತನ್ನು ತೆಗೆಯುವಾಗ ನಾಳಗಳನ್ನು ಬುಡಕ್ಕೇ ಕತ್ತರಿಸುತ್ತಾರೆ, ಹಾಗಾದರೆ ಕೊಳವೆ ಕಟ್ಟಲು ಜಾಗವಿರುವುದಿಲ್ಲ. ನಾಲ್ಕು ಬೆರಳಷ್ಟು ಉದ್ದ ಉಳಿಸಿ ಕೊಡುವಂತೆ ಅವರಿಗೆ ಮೊದಲೇ ಹೇಳಿ, ತೋರಿಸಿಕೊಡಬೇಕು. ಆ ಕೆಲಸದಿಂದ ಹಿಡಿದು ಮೊದಲ ಪೆಟ್ಟಿಗೆ ಮಾಡಿಸುವವರೆಗೆ ನನ್ನ ನೆರವು ಬೇಕಾದಲ್ಲಿ, ಯಾವ ಸಂಭಾವನೆಯೂ ಇಲ್ಲದೆ ಬರಲು ಸಿದ್ಧನಿದ್ದೇನೆ.

– ನಿವೃತ್ತ ಶಸ್ತ್ರಚಿಕಿತ್ಸಕ, ಹಾಸನ