ಭಾನುವಾರದ ಓದು: ಶೋಪೆನ್‌ಹಾವರ್

ಎಲ್ಲರಿಗೂ ನಮಸ್ಕಾರ. ನಮ್ಮ ಓದಿನ ಗುಂಪಿನಲ್ಲಿ ಕಾಂಟ್, ಹೆಗೆಲ್ ಮುಗಿಯಿತು. ಈ ಭಾನುವಾರ ಸಂಜೆ 6ಕ್ಕೆ ಅವರಂತೆಯೇ ಜರ್ಮನ್ ತತ್ತ್ವಜ್ಞಾನಿಯಾದ ಶೋಪೆನ್‌ಹಾವರ್.

ಬರುವ ಮೊದಲು ಸ್ವಲ್ಪ ಹಿನ್ನೆಲೆ ಗೊತ್ತಿರಲಿ. 1657ರಲ್ಲಿ ಮೊಘಲ್ ರಾಜಕುಮಾರ ದಾರಾ ಶಿಕೋ ಪಂಡಿತರ ನೆರವಿನಿಂದ 50 ಉಪನಿಷತ್ತುಗಳನ್ನು ಪರ್ಷಿಯನ್ ಭಾಷೆಗೆ ತಂದ. ಅದನ್ನು ಫ್ರಾನ್ಸಿನ ಆಂಕೆತಿಲ್ ದ್ಯುಪೆರೋನ್ ಲ್ಯಾಟಿನ್‌ಗೆ ಅನುವಾದಿಸಿ 1801-02ರಲ್ಲಿ ಪ್ರಕಟಿಸಿದ. 1814ರಲ್ಲಿ ಜರ್ಮನಿಯ ವೈಮಾರ್‌ನ ಗ್ರಂಥಾಲಯದಿಂದ ಆ ಸಂಪುಟಗಳನ್ನು ಎರವಲು ತಂದವನು 26 ವರ್ಷದ ಶೋಪೆನ್‌ಹಾವರ್. ಆಮೇಲೆ ಜೀವನಪೂರ್ತಿ ಅವನ್ನು ಬಿಡಲಿಲ್ಲ. ಅನುವಾದದ ಅನುವಾದ ಓದಿ ಒಬ್ಬ ಮನುಷ್ಯ ಅಷ್ಟು ಆಳಕ್ಕೆ ಇಳಿದನಲ್ಲ ಎಂಬುದು ನನಗೆ ಇವತ್ತಿಗೂ ಬೆರಗು. ಹಾಗಂತ ಅವನ ತತ್ತ್ವವೆಲ್ಲ ನಮ್ಮಿಂದಲೇ ಹೋದದ್ದು ಎಂದು ದಯವಿಟ್ಟು ವಾದಕ್ಕಿಳಿಯಬೇಡಿ. ಕಾಂಟ್, ಪ್ಲೇಟೋ ಇಬ್ಬರ ಋಣವನ್ನೂ ಅವನೇ ಒಪ್ಪಿಕೊಂಡಿದ್ದಾನೆ.

1820ರಲ್ಲಿ ಬರ್ಲಿನ್‌ನಲ್ಲಿ ಹೆಗೆಲ್ ಉಪನ್ಯಾಸದ ಹೊತ್ತಿಗೇ ತನ್ನದನ್ನೂ ಇಟ್ಟುಕೊಂಡ. ಬಂದವರು ಬೆರಳೆಣಿಕೆಯಷ್ಟು. ಹೆಸರು ಬಂದದ್ದು 1850ರ ದಶಕದಲ್ಲಿ, ಮುಪ್ಪಿನಲ್ಲಿ. 1854ರಲ್ಲಿ ಅವನನ್ನು ಓದಿದ ಜರ್ಮನ್ ಸಂಗೀತ ಸಂಯೋಜಕ ವಾಗ್ನರ್, ಸಂಗೀತದ ಬಗೆಗಿನ ತನ್ನ ನಿಲುವನ್ನೇ ಬದಲಿಸಿಕೊಂಡ. ಮುಂದೆ ತತ್ತ್ವಜ್ಞಾನಿಯಾದ, ಆಗ ಇನ್ನೂ ವಿದ್ಯಾರ್ಥಿಯಾಗಿದ್ದ ನೀಚೆಗೆ ಅವನ ಪುಸ್ತಕ ಸಿಕ್ಕಿದ್ದು 1865ರಲ್ಲಿ, ಲೈಪ್‌ಜಿಗ್‌ನ ಹಳೇ ಪುಸ್ತಕದಂಗಡಿಯಲ್ಲಿ. ನೀಚೆಯ ಗೆಳೆಯ ಪೌಲ್ ಡಾಯ್ಸನ್ ಮುಂದೆ 60 ಉಪನಿಷತ್ತುಗಳನ್ನು ಸಂಸ್ಕೃತದಿಂದ ನೇರವಾಗಿ ಜರ್ಮನ್‌ಗೆ ತಂದ. 1896ರಲ್ಲಿ ವಿವೇಕಾನಂದರು ಜರ್ಮನಿಯ ಕೀಲ್‌ಗೆ ಹೋಗಿ ಭೇಟಿಯಾದದ್ದು ಈ ಡಾಯ್ಸನ್‌ರನ್ನೇ.

ಸಂಗೀತದ ಬಗ್ಗೆ ಶೋಪೆನ್‌ಹಾವರ್ ಬರೆದ ಭಾಗವನ್ನು ಓದಿಕೊಂಡೇ ಬನ್ನಿ. ನಮ್ಮ ಗುಂಪಿನ ಸಂಗೀತಗಾರರು ಅಂದು ಮಾತಾಡಲೇಬೇಕು. ಪ್ರಶ್ನೆಗಳಿದ್ದರೆ ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ಲಿಂಕ್ ಭಾನುವಾರ ಮಧ್ಯಾಹ್ನ ಕಳಿಸುತ್ತೇನೆ.