ಮಣ್ಣಿಲ್ಲದ ಕೃಷಿ: ಕರೆಂಟಿನ ಲೆಕ್ಕ ಎಲ್ಲಿ?

ಮಾನ್ಯರೇ,

ಮಣ್ಣಿಲ್ಲದೆ, ಪೈಪಿನಲ್ಲಿ ಪಂಪು ಹರಿಸುವ ಪೋಷಕಾಂಶದ ನೀರಿನಲ್ಲೇ ಗಿಡ ಬೆಳೆಸುವ ಹೈಡ್ರೋಪೋನಿಕ್ಸ್‌ನಲ್ಲಿ ಶೇ 90ರವರೆಗೂ ನೀರು ಉಳಿಯುತ್ತದೆ ಎಂದು ತರಬೇತಿ ಕೊಡುವವರು ಹೇಳುವುದು ಸುಳ್ಳಲ್ಲ. ಆದರೆ ಮಳೆಗಾಲದಲ್ಲಿ ಅಂಗಳವೇ ಹೊಳೆಯಾಗುವ ನಮ್ಮ ಶಿರಸಿ ಕಡೆ ತತ್ವಾರ ಇರುವುದು ನೀರಿಗಲ್ಲ, ಕರೆಂಟಿಗೆ. ಕಳೆದ ಆಷಾಢದಲ್ಲಿ ಮರ ಬಿದ್ದು ಎರಡು ದಿನ ಲೈನಿಲ್ಲ. ನನ್ನ ಘಟಕದ ಪಂಪು ನಿಂತು, ಪೈಪಿನೊಳಗಿನ ಬಿಳಿ ಬೇರುಗಳು ಒದ್ದೆ ನೂಲಿನಂತೆ ಅಂಟಿಕೊಂಡು ಕಂದಾದವು. ಸಲಾಡಿಗೆ ಹಾಕುವ ಸೊಪ್ಪಾದ ಲೆಟ್ಯೂಸ್, ಇನ್ನೂರು ಗಿಡ ದನದ ಬಾಯಿಗೆ. (ದನವೂ ಮೂಸಿ ನೋಡಿಯೇ ತಿಂದಿತು.) ಬಚ್ಚಲ ನೀರಿನ ಬಸಳೆ ಚಪ್ಪರಕ್ಕೆ ಏನೂ ಆಗಿರಲಿಲ್ಲ.

ಪೋಷಕಾಂಶದ ಪುಡಿ, ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6ರ ಆಸುಪಾಸು ನಿಲ್ಲಿಸುವ ದ್ರಾವಣ, ಎಲ್ಲಕ್ಕೂ ದುಡ್ಡು. ಬಸಳೆಗೆ ಕೊಟ್ಟಿಗೆ ಗೊಬ್ಬರ ಸಾಕು. ಲೆಟ್ಯೂಸ್ ಕೊಳ್ಳುವ ಹೋಟೆಲು ಗೋಕರ್ಣದಲ್ಲಿ, ನಮ್ಮ ಸಂತೆಯಲ್ಲಿ ಕೇಳುವವರಿಲ್ಲ. ತರಬೇತಿ ಕೊಡುವವರು ಖರ್ಚಿನ ಪಟ್ಟಿಯಲ್ಲಿ ಇನ್ವರ್ಟರನ್ನೂ, ಗಾಡಿ ಬಾಡಿಗೆಯನ್ನೂ ಬರೆಯಲಿ.

– ಅಡಿಕೆ ಬೆಳೆಗಾರ, ಶಿರಸಿ