ದಿನ ಹೇಗೆ ಕಳೀತೀಯ ಅಂದೆಯಲ್ಲ

ಟಾರ್ನೀಟ್, ಮೆಲ್ಬರ್ನ್
ಫೆಬ್ರವರಿ, ಭಾನುವಾರ

ಚಿರಂಜೀವಿ ತಮ್ಮನಿಗೆ ನಿನ್ನ ಅಣ್ಣ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ಅರಸೀಕೆರೆಯಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ.

ಫೋನಿನಲ್ಲಿ ದಿನಾ ಮಾತಾಡುತ್ತೇವೆ, ಮತ್ತೆ ಕಾಗದ ಯಾಕೆ ಅಂತ ನಗಬೇಡ. ವಿಡಿಯೋ ಕಾಲ್‌ನಲ್ಲಿ ಅರ್ಧ ಹೊತ್ತು "ಕಾಣ್ತಿದೀನಾ, ಕೇಳಿಸ್ತಿದೆಯಾ" ಅನ್ನುವುದರಲ್ಲೇ ಹೋಗುತ್ತದೆ. ಉಳಿದ ಹೊತ್ತು ಮೊಮ್ಮಗ ಫೋನ್ ಕಿತ್ತುಕೊಳ್ಳುತ್ತಾನೆ. ಮೊನ್ನೆ ನೀನು "ಅಲ್ಲಿ ದಿನ ಹೇಗೆ ಕಳೀತೀಯಣ್ಣ?" ಅಂತ ಕೇಳಿದಾಗ ಪಕ್ಕದಲ್ಲೇ ಅಳಿಯಂದಿರು ಕೂತಿದ್ದರು. "ಏನೋ ಆಗುತ್ತಪ್ಪ" ಅಂತ ತೇಲಿಸಿಬಿಟ್ಟೆ. ಆದರೆ ನೀನು ಸುಮ್ನೆ ಕೇಳಿದ್ದಲ್ಲ ಅಂತ ನನಗೆ ಗೊತ್ತು. ಮೇ ತಿಂಗಳಿಗೆ ನಿನ್ನ ಸರ್ವಿಸ್ ಮುಗಿಯುತ್ತೆ. ಅಡಿಲೇಡ್‌ನಿಂದ ಮಗ ಕರೆಯುತ್ತಿದ್ದಾನೆ. ನಿನಗೆ ಒಳಗೊಳಗೇ ಭಯ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಬಂದ ಹೊಸತರಲ್ಲಿ ನಿಜಕ್ಕೂ ಕಷ್ಟವಾಯಿತು. ಮಗಳು, ಅಳಿಯಂದಿರು ಪ್ರೀತಿಯಿಂದಲೇ ಸುತ್ತಾಡಿಸಿದರು. ಗ್ರೇಟ್ ಓಷನ್ ರೋಡ್ ಆಯಿತು, ಫಿಲಿಪ್ ಐಲೆಂಡ್‌ನಲ್ಲಿ ಸಂಜೆ ಸಮುದ್ರದಿಂದ ಎದ್ದು ಬರುವ ಪುಟಾಣಿ ಪೆಂಗ್ವಿನ್‌ಗಳನ್ನು ನೋಡಿದ್ದಾಯಿತು. ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಆದರೆ ಅವೆಲ್ಲ ಶನಿವಾರ, ಭಾನುವಾರದ ಮಾತು. ಸೋಮವಾರ ಬೆಳಿಗ್ಗೆ ಎಲ್ಲರೂ ಹೊರಟುಹೋದ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಏನೂ ಇಲ್ಲ. ಬೀದಿಯಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ. ಸರ್ವಿಸ್ ಪೂರ್ತಿ ಬಸ್ ಡಿಪೋದ ಗದ್ದಲದಲ್ಲೇ ಬದುಕಿದವನು ನಾನು. ಟಿವಿಯಲ್ಲಿ ಧಾರಾವಾಹಿ ಹಾಕಿಕೊಂಡು ತೂಕಡಿಸುತ್ತಿದ್ದೆ. ನಿನ್ನ ಅತ್ತಿಗೆ ಒಂದು ದಿನ ಹೇಳಿಯೇಬಿಟ್ಟಳು: "ರೂಟ್ ಇಲ್ಲದ ಬಸ್ಸಿನ ಹಾಗಾಗಿದೀರ, ನಿಂತಲ್ಲೇ ತುಕ್ಕು ಹಿಡೀತೀರ."

ಅವಳಿಗೆ ಆ ಕಷ್ಟ ಬರಲೇ ಇಲ್ಲ ನೋಡು. ಮೊದಲ ವಾರವೇ ಅಡುಗೆಮನೆ ಅವಳದಾಯಿತು. ಹೆಂಗಸರಿಗೆ ನಿವೃತ್ತಿ ಅಂತ ಯಾರೂ ಕೊಟ್ಟಿಲ್ಲವಲ್ಲ, ಹಾಗಾಗಿ ನಿವೃತ್ತಿಯ ಬೇಜಾರೂ ಇಲ್ಲ. ಅದು ಸರಿ ಅಂತ ನಾನು ಹೇಳುತ್ತಿಲ್ಲ. ಈಗ ಜನವರಿ, ಫೆಬ್ರವರಿ ಇಲ್ಲಿ ಸುಡುಬಿಸಿಲು. ಸಂಡಿಗೆ ಹಾಕುವ ಕಾಲ! ಈ ದೇಶದಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ನಮ್ಮ ಲೆಕ್ಕವೆಲ್ಲ ಉಲ್ಟಾ. ದಕ್ಷಿಣದ ಕಡೆ ಹಾಸಿದ ಪಂಚೆ ನೆರಳಿಗೆ ಬಿದ್ದಾಗ ಗೊಣಗಿದಳು, ಆಮೇಲೆ ಅವಳೇ ಲೆಕ್ಕ ಹಿಡಿದು ಉತ್ತರದ ಅಂಗಳಕ್ಕೆ ಬದಲಾಯಿಸಿದಳು. ಕರಿಬೇವಿನ ಗಿಡ ಕುಂಡದಲ್ಲಿದೆ. ಚಳಿಗಾಲ ಬಂತೆಂದರೆ ಅದನ್ನು ಒಳಗೆ ಹೊತ್ತು ತರುವುದು ನನ್ನ ಕೆಲಸ. ತೆಂಗಿನಕಾಯಿ ಮಾತ್ರ ಕೇಳಬೇಡ. ಫ್ರೀಜರ್‌ನಿಂದ ತೆಗೆದ ತುರಿಯ ಪ್ಯಾಕೆಟ್ಟು. ಅರಸೀಕೆರೆಯಲ್ಲಿ ಹುಟ್ಟಿದವನು ಇದನ್ನೂ ತಿನ್ನಬೇಕಾಯಿತು.

ನನಗೆ ಮೊದಲು ಸಿಕ್ಕ ಡ್ಯೂಟಿ ಕಸದ್ದು. ಇಲ್ಲಿ ಮನೆ ಮನೆಗೂ ಚಕ್ರವಿರುವ ದೊಡ್ಡ ಡಬ್ಬಗಳು. ಕೆಂಪು ಮುಚ್ಚಳದ್ದು ಮಾಮೂಲಿ ಕಸಕ್ಕೆ, ಹಳದಿಯದು ರಟ್ಟು, ಬಾಟಲಿಗೆ, ಹಸಿರಿನದು ಹುಲ್ಲು, ಗಿಡಕ್ಕೆ. ಕೆಂಪು ಪ್ರತಿ ವಾರ. ಹಳದಿ ಒಂದು ವಾರ, ಹಸಿರು ಮರುವಾರ. ಹಿಂದಿನ ರಾತ್ರಿಯೇ ರಸ್ತೆಯಂಚಿಗೆ ತಂದು, ಡಬ್ಬದಿಂದ ಡಬ್ಬಕ್ಕೆ ಜಾಗ ಬಿಟ್ಟು, ಹಿಡಿ ಮನೆಯ ಕಡೆಗಿರುವಂತೆ ಇಡಬೇಕು. ಬೆಳಿಗ್ಗೆ ಲಾರಿ ಬರುತ್ತದೆ. ಅದನ್ನು ನೀನು ನೋಡಬೇಕು ಮಾರಾಯ. ಡ್ರೈವರ್ ಒಬ್ಬನೇ. ಡಬ್ಬಗಳು ಕಾಣಲಿ ಅಂತ ಎಡಗಡೆ ಕೂತು ಓಡಿಸುತ್ತಾನೆ. ಸ್ಟೀರಿಂಗ್ ಎರಡೂ ಕಡೆ ಇದೆ. ಪಕ್ಕದಿಂದ ಹೈಡ್ರಾಲಿಕ್ ಕೈ ಚಾಚಿ, ಡಬ್ಬವನ್ನು ತಬ್ಬಿ, ಮೇಲೆತ್ತಿ, ಬೋರಲು ಹಾಕಿ, ಕುಲುಕಿ, ಇದ್ದಲ್ಲಿಗೇ ಇಡುತ್ತದೆ. ಡ್ರೈವರ್ ಕೆಳಗಿಳಿಯುವುದೇ ಇಲ್ಲ. ಕಿಟಕಿಯಲ್ಲಿ ನಿಂತು ಆ ಕೈ ಎಲ್ಲಿ ಮಡಚುತ್ತದೆ, ಪೈಪು ಎಲ್ಲಿಂದ ಬರುತ್ತದೆ ಅಂತ ನೋಡುವುದೇ ನನಗೊಂದು ಕೆಲಸ.

ಈ ವಾರ ಯಾವ ಬಣ್ಣ ಅನ್ನುವುದು ನಮ್ಮ ಬೀದಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಎಲ್ಲರೂ ದುಡಿಯುವ ವಯಸ್ಸಿನವರು, ರಾತ್ರಿ ಸುಸ್ತಾಗಿ ಬರುತ್ತಾರೆ. ನಾನು ಡಿಪೋದಲ್ಲಿ ಯಾವ ಗಾಡಿ ಯಾವತ್ತು ಸರ್ವಿಸ್‌ಗೆ ಬರಬೇಕು ಅಂತ ಬೋರ್ಡಿನಲ್ಲಿ ಬರೆದಿಟ್ಟವನು. ಇಲ್ಲೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟೆ. ಒಂದು ವಾರ ಜ್ವರ ಬಂದು ಮಲಗಿದ್ದೆ. ಸಂಜೆ ಎದುರು ಮನೆಯ ಸರ್ದಾರ್ಜಿ ಬಂದು ಬೆಲ್ ಒತ್ತಿದರು. "ಅಂಕಲ್‌ಜೀ, ಪೀಲಾ ಯಾ ಹರಾ?" ಅಂದರೆ, ಇವತ್ತು ಹಳದಿಯೋ ಹಸಿರೋ? ಆಮೇಲೆ ಗೊತ್ತಾಯಿತು, ಅರ್ಧ ಬೀದಿ ನಮ್ಮ ಮನೆ ಮುಂದೆ ನಾನು ಯಾವ ಡಬ್ಬ ಇಟ್ಟಿದ್ದೇನೆ ಅಂತ ನೋಡಿಯೇ ತಮ್ಮದನ್ನು ಹೊರಗಿಡುತ್ತಿತ್ತಂತೆ. ಜ್ವರದಲ್ಲೂ ನನಗೆ ನಗು ಬಂತು. ಇಲ್ಲಿ ನನ್ನಿಂದ ಯಾರಿಗೋ ಏನೋ ಆಗಬೇಕಿದೆ ಅಂತ ಮೊದಲು ಅನ್ನಿಸಿದ್ದು ಅವತ್ತೇ.

ನೋಡು, ವಿಷಯ ಇರುವುದು ಇಲ್ಲೇ. ಬೆಳಿಗ್ಗೆ ವಾಕಿಂಗ್, ಆಮೇಲೆ ಪೇಪರ್, ಮಧ್ಯಾಹ್ನ ನಿದ್ದೆ ಅಂತ ಯಾರು ಬೇಕಾದರೂ ಟೈಮ್‌ಟೇಬಲ್ ಹಾಕಿಕೊಳ್ಳಬಹುದು. ಒಂದು ದಿನ ತಪ್ಪಿಸಿದರೆ ಕೇಳುವವರು ಯಾರು? ಕೇಳುವವರಿಲ್ಲದ ದಿನಚರಿ ಜಾಸ್ತಿ ದಿನ ನಿಲ್ಲುವುದಿಲ್ಲ. ನೀನು ಹೋಗದಿದ್ದರೆ "ಯಾಕೆ ಬರಲಿಲ್ಲ" ಅನ್ನುವ ಒಬ್ಬರು ಬೇಕು. ಅವರು ಮನೆಯವರೇ ಆಗಿರಬಾರದು.

ಮಧ್ಯಾಹ್ನ ಮೂರಕ್ಕೆ ಮೊಮ್ಮಗನನ್ನು ಶಾಲೆಯಿಂದ ಕರೆತರಲು ಹೋಗುತ್ತೇನೆ. ಶಾಲೆ ಮುಂದಿನ ಕ್ರಾಸಿಂಗ್‌ನಲ್ಲಿ ನನ್ನ ವಯಸ್ಸಿನ ಒಬ್ಬ ಅಜ್ಜಿ ಕೋಲಿಗೆ ಕಟ್ಟಿದ 'ಸ್ಟಾಪ್' ಬೋರ್ಡ್ ಹಿಡಿದು ನಿಂತಿರುತ್ತಾರೆ. ಕಾರುಗಳನ್ನು ನಿಲ್ಲಿಸಿ ಎರಡು ಸಲ ಸೀಟಿ ಊದಿದರೆ ಮಕ್ಕಳು ದಾಟಬಹುದು. ಎರಡು ಸೀಟಿ ಅಂದರೆ ನನಗೆ ರೈಟ್! ಕಾಲು ತಾನಾಗಿಯೇ ಮುಂದೆ ಹೋಗುತ್ತದೆ. ಸೆಪ್ಟೆಂಬರ್ ಬಂತೆಂದರೆ ಮ್ಯಾಗ್‌ಪೈ ಅನ್ನುವ ಕಪ್ಪು ಬಿಳಿ ಹಕ್ಕಿ ಮರಿ ಮಾಡಿ, ಹಾದು ಹೋಗುವವರ ತಲೆಗೆ ಎರಗುತ್ತದೆ. ಬಿಸಿಲಿರಲಿ, ಇಲ್ಲದಿರಲಿ, ಆಗ ಛತ್ರಿ ಬೇಕೇ ಬೇಕು. ಬಸ್ಸಿನ ವಿಷಯವೂ ಹೇಳಬೇಕು. ಕಂಡಕ್ಟರ್ ಇಲ್ಲ, ಮೈಕಿ ಅಂತ ಒಂದು ಕಾರ್ಡ್ ತೋರಿಸಿ ಹತ್ತಬೇಕು. ಇಳಿಯುವಾಗ ಜನ ಡ್ರೈವರ್‌ಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ, ಶಾಲೆ ಹುಡುಗರೂ. ಮೊದಲ ಸಲ ಕೇಳಿದಾಗ ನಮ್ಮ ಡಿಪೋದ ಡ್ರೈವರ್‌ಗಳ ಮುಖವೆಲ್ಲ ಕಣ್ಣ ಮುಂದೆ ಬಂತು.

ಇನ್ನು ಮುಖ್ಯವಾದದ್ದು. ಇಲ್ಲಿ ಲೈಬ್ರರಿ ಇದೆ, ಹಿಂದೆ ಪ್ರಧಾನಿಯಾಗಿದ್ದ ಜೂಲಿಯಾ ಗಿಲಾರ್ಡ್ ಹೆಸರಿನದು. ಅಲ್ಲಿನ ನೋಟೀಸ್ ಬೋರ್ಡಿನಲ್ಲಿ 'ಮೆನ್ಸ್ ಶೆಡ್' ಅಂತ ಒಂದು ಚೀಟಿ ಕಂಡಿತು. ವಯಸ್ಸಾದ ಗಂಡಸರು ಸೇರಿ ಮರಗೆಲಸ, ರಿಪೇರಿ ಮಾಡುವ ಜಾಗ. ಇದೇ ವಿಕ್ಟೋರಿಯಾ ರಾಜ್ಯದ ಟೊಂಗಾಲಾ ಅನ್ನುವ ಊರಲ್ಲಿ 1998ರಲ್ಲಿ ಈ ಹೆಸರಿನ ಮೊದಲ ಶೆಡ್ ಶುರುವಾಯಿತಂತೆ. ಈಗ ದೇಶದಲ್ಲಿ ಸಾವಿರಕ್ಕೂ ಹೆಚ್ಚಿವೆ. ಕೆಲಸ ಬಿಟ್ಟ ಮೇಲೆ ಗಂಡಸರು ಮಾತೇ ಆಡದೆ ಕುಗ್ಗಿಹೋಗುತ್ತಾರೆ, ಎದುರು ಕೂರಿಸಿ ಕೇಳಿದರೆ ಬಾಯಿ ಬಿಡುವುದಿಲ್ಲ, ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಾ ಮಾಡುತ್ತಾ ಹೇಳಿಕೊಳ್ಳುತ್ತಾರೆ ಅನ್ನುವುದು ಇವರ ಲೆಕ್ಕ. ನಮ್ಮ ಅಪ್ಪನನ್ನು ನೆನೆಸಿಕೊ. ನಿಜ ಅಲ್ವಾ?

ಸಂಬಳದ ಕೆಲಸ ಮಾಡಲು ನಮ್ಮ ವೀಸಾದಲ್ಲಿ ಅವಕಾಶವಿಲ್ಲ. ಇಲ್ಲಿ ಸಂಬಳವೂ ಇಲ್ಲ, ಬಾಸ್‌ಗಳೂ ಇಲ್ಲ. ಹೋದ ತಕ್ಷಣ ಪುಸ್ತಕದಲ್ಲಿ ಹೆಸರು, ಟೈಮ್ ಬರೆಯಬೇಕು. ಮಸ್ಟರ್ ರೋಲ್! ನನಗೆ ಸೈಕಲ್ ವಿಭಾಗ ಸಿಕ್ಕಿದೆ. ಜನ ಬಿಟ್ಟುಹೋದ ಸೈಕಲ್‌ಗಳನ್ನು ಸರಿಮಾಡಿ, ಹೊಸದಾಗಿ ದೇಶಕ್ಕೆ ಬಂದವರ ಮಕ್ಕಳಿಗೆ ಕೊಡುತ್ತೇವೆ. ಹೋದ ವಾರ ಒಂದು ಕೆಂಪು ಸೈಕಲ್ ಬಂತು. ಹಿಂದಿನ ಚಕ್ರ ಅಲ್ಲಾಡುತ್ತಿತ್ತು. ಮಾಲ್ಟಾ ದೇಶದ ಮುದುಕರೊಬ್ಬರು "ಚಕ್ರವೇ ಬದಲಾಯಿಸೋಣ" ಅಂದರು. ನಾನು ಚಕ್ರ ಎತ್ತಿ ಹಿಡಿದು, ತಿರುಗಿಸಿ, ಆಕ್ಸೆಲ್ ತುದಿಗೆ ಬೆರಳಿಟ್ಟೆ. ಕರಕರ ಅನ್ನುವುದು ಬೆರಳಿಗೇ ಗೊತ್ತಾಯಿತು. 14-15ರ ಪಾನಾ ಕೇಳಿದೆ. ಬಿಚ್ಚಿ ನೋಡಿದರೆ ಗ್ರೀಸ್ ಒಣಗಿ ಅಂಟಾಗಿದೆ, ಬೇರಿಂಗ್ ಗುಂಡು ಎರಡು ಸವೆದಿವೆ. ಸೀಮೆಎಣ್ಣೆ ತರಹದ್ದರಲ್ಲಿ ತೊಳೆದು, ಹೊಸ ಗುಂಡು ಹಾಕಿ, ಗ್ರೀಸ್ ತುಂಬಿ, ಕೋನ್ ಬಿಗಿ ಮಾಡಿದೆ. ಜಾಸ್ತಿ ಬಿಗಿಯಾದರೆ ತಿರುಗುವುದಿಲ್ಲ, ಸಡಿಲವಾದರೆ ಮತ್ತೆ ಆಟ. ತಿರುಗಿಸಿ ಬಿಟ್ಟೆ. ವಾಲ್ವ್‌ನ ಭಾರಕ್ಕೆ ಚಕ್ರ ತಾನೇ ನಿಧಾನವಾಗಿ ಹಿಂದೆ ಮುಂದೆ ತೂಗಿ ನಿಂತಿತು. ಮಾಲ್ಟಾದವರು ಏನೂ ಹೇಳಲಿಲ್ಲ. ಚಹಾ ಹೊತ್ತಿನಲ್ಲಿ ಬಿಸ್ಕತ್ತಿನ ಡಬ್ಬ ಮೊದಲು ನನ್ನ ಕಡೆ ತಳ್ಳಿದರು, ಅಷ್ಟೇ. ನನ್ನ ಇಂಗ್ಲಿಷ್ ನಿನಗೆ ಗೊತ್ತೇ ಇದೆ. ಅವರದೂ ಅಷ್ಟಕ್ಕಷ್ಟೇ. ಹಾಗಾಗಿ ಚೆನ್ನಾಗಿ ನಡೆಯುತ್ತದೆ.

ಎಲ್ಲವೂ ಚೆನ್ನಾಗಿದೆ ಅಂತ ಪೂಸಿ ಹೊಡೆಯುವುದಿಲ್ಲ. ಜುಲೈನಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ, ಗಾಳಿ ಮುಖಕ್ಕೆ ಹೊಡೆಯುತ್ತದೆ, ಆಗ ಊರಿನ ನೆನಪು ಜಾಸ್ತಿ. ಹುಣ್ಣಿಮೆ ದಿನ ನೀನು ಜೇನುಕಲ್ಲು ಬೆಟ್ಟ ಹತ್ತಿ ಫೋಟೋ ಕಳಿಸಿದರೆ ಆ ದಿನ ಊಟ ಸೇರುವುದಿಲ್ಲ. ಅಳಿಯಂದಿರು ಎಷ್ಟೇ ಒಳ್ಳೆಯವರಾದರೂ ಮಗಳ ಮನೆಯಲ್ಲಿ ಕೂತು ಉಣ್ಣುತ್ತಿದ್ದೇನೆ ಅನ್ನುವ ಇರಿಸುಮುರಿಸು ಪೂರ್ತಿ ಹೋಗಿಲ್ಲ. ನಿನಗೆ ಆ ಕಷ್ಟ ಇರಲ್ಲ, ಮಗನ ಮನೆ. ಖರ್ಚಿನ ವಿಷಯವನ್ನು ಮಾತ್ರ ಮಗನ ಹತ್ತಿರ ಮೊದಲೇ ಕೂತು ಮಾತಾಡು. ಕಾಯಂ ಆಗಿ ಇರುವ ಮಾಮೂಲಿ ಪೇರೆಂಟ್ ವೀಸಾದ ಸಾಲಿನಲ್ಲಿ ನಿಂತರೆ 30 ವರ್ಷಕ್ಕೂ ಮೇಲೆ ಕಾಯಬೇಕು, ಅಷ್ಟರಲ್ಲಿ ನಾವಿಬ್ಬರೂ ಫೋಟೋದಲ್ಲಿರುತ್ತೇವೆ. ನಮ್ಮದು 870 ಅನ್ನುವ ತಾತ್ಕಾಲಿಕ ವೀಸಾ. 5 ವರ್ಷದ್ದಕ್ಕೆ 10,000 ಡಾಲರ್‌ಗೂ ಮೇಲೆ ಕಟ್ಟಬೇಕು. ಎಲ್ಲ ಸೇರಿ 10 ವರ್ಷಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ಸರ್ಕಾರದ ಮೆಡಿಕೇರ್ ನಮಗೆ ಸಿಗುವುದಿಲ್ಲ, ಖಾಸಗಿ ಆರೋಗ್ಯ ವಿಮೆ ಕಡ್ಡಾಯ. ಆದ್ದರಿಂದ ಮನೆ ಮಾರುವ ಯೋಚನೆ ಮಾಡಬೇಡ. ಬೀಗ ಹಾಕಿ ಬಾ, ತೋಟ ಗುತ್ತಿಗೆಗೆ ಕೊಡು.

ಬರುವ ಮೊದಲು ಹಾಸನಕ್ಕೆ ಹೋಗಿ ನೀವಿಬ್ಬರೂ ಹಲ್ಲು ತೋರಿಸಿಕೊಳ್ಳಿ. ಇಲ್ಲಿ ಹಲ್ಲಿನ ಡಾಕ್ಟರ್ ಬಿಲ್ಲು ನೋಡಿದರೆ ಇರುವ ಹಲ್ಲೂ ಉದುರುತ್ತದೆ. ಕನ್ನಡಕ ಒಂದು ಜೊತೆ ಜಾಸ್ತಿ ಮಾಡಿಸಿಕೊ. ಉಪ್ಪಿನಕಾಯಿ, ಬೀಜ, ಬೇರು, ಎಲೆ ಅಂತ ಏನೇ ತಂದರೂ ಏರ್‌ಪೋರ್ಟ್ ಚೀಟಿಯಲ್ಲಿ ಬರೆದುಬಿಡು, ಮುಚ್ಚಿಟ್ಟರೆ ದೊಡ್ಡ ದಂಡ. ಅಡಿಲೇಡ್‌ನಲ್ಲೂ ಈ ಶೆಡ್‌ಗಳಿವೆ. ನಿನ್ನ ಕೈಗೆ ಪಾನಾ ಒಗ್ಗುವುದಿಲ್ಲ, ಆದರೆ ಲೆಕ್ಕ ಬರೆಯುವವರು ಅವರಿಗೂ ಬೇಕು.

ಏಪ್ರಿಲ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ನಿಮಗೂ ನಮಗೂ ನಾಲ್ಕೂವರೆ ಗಂಟೆಯ ವ್ಯತ್ಯಾಸ. ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಫೋನ್ ಮಾಡಬೇಡ, ನಾನು ಶೆಡ್‌ನಲ್ಲಿರುತ್ತೇನೆ.

ಬಾವಿ ಮೋಟಾರ್ ರಿಪೇರಿ ಏನಾಯಿತು, ಬರೆ. ಮಕ್ಕಳಿಗೆ ಆಶೀರ್ವಾದ. ನಿನ್ನ ಅತ್ತಿಗೆ ನಿನ್ನ ಹೆಂಡತಿಗೆ ಸಂಡಿಗೆ ಹಿಟ್ಟಿನ ಅಳತೆ ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದಾಳೆ, ಇದರ ಜೊತೆಗಿದೆ.

ಇಂತಿ,
ನಿನ್ನ ಅಣ್ಣ